ಕೊನೆಯ ಬಸ್ಸಿನ ಟೈಮನ್ನೂ ಟಿಕೆಟ್ ಮೇಲೆ ಹಾಕಿ: ಗೋವಾದಲ್ಲಿ ಫುಟ್ಬಾಲ್ ಟೂರ್ನಿ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಗೋವಾದಲ್ಲಿ ಮುಂದೆ ಅಂತಾರಾಷ್ಟ್ರೀಯ ಫುಟ್ಬಾಲ್ ಪಂದ್ಯ ನಡೆಸಲಿರುವ ಸಂಘಟಕರು, ಸ್ಟೇಡಿಯಂ ನೋಡಿಕೊಳ್ಳುವ ಅಧಿಕಾರಿಗಳು, ಹಾಗೇ ಬಸ್ಸು ಓಡಿಸುವವರು.

ಮಾನ್ಯರೇ, ನಮಸ್ಕಾರ.

ನಾನು ವಾಸ್ಕೋದ ಬೈನಾದವನು. ಮೂಲ ಬಾಗಲಕೋಟೆ ಕಡೆ. ಅಪ್ಪ ಗೌಂಡಿ ಕೆಲಸಕ್ಕೆ ಅಂತ ಗೋವಾಕ್ಕೆ ಬಂದವರು ಇಲ್ಲೇ ಉಳಿದುಬಿಟ್ಟರು. ನಾನು ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಭಾನುವಾರ ಬೆಳಿಗ್ಗೆ ಓಣಿಯ ಮಕ್ಕಳನ್ನು ಸೇರಿಸಿ ಫುಟ್ಬಾಲ್ ಆಡಿಸುತ್ತೇನೆ. ಕೋಚ್ ಗೀಚ್ ಅಂತೇನಿಲ್ಲ, ವಿಸಿಲ್ ಊದೋಕೆ ದೊಡ್ಡವರು ಒಬ್ಬರು ಬೇಕಲ್ಲ, ಅಷ್ಟೇ. ಮಕ್ಕಳು ನನ್ನನ್ನು ಕಾಕಾ ಅಂತಾರೆ.

ಈ ಪತ್ರದಲ್ಲಿ ಇರುವುದು ಮುಖ್ಯವಾಗಿ ಒಂದೇ ಮಾತು. ಮಡಗಾಂವ್‌ನ ಫಾತೋರ್ಡಾ ಸ್ಟೇಡಿಯಂನಲ್ಲಿ ನೀವು ರಾತ್ರಿ 8 ಗಂಟೆಗೆ ಪಂದ್ಯ ಇಡುತ್ತೀರಿ. ಅದು ಮುಗಿಯೋದು ಹತ್ತು ಗಂಟೆ ಹೊತ್ತಿಗೆ. ಆಮೇಲೆ ಸ್ವಂತ ಗಾಡಿ ಇಲ್ಲದವರು ಮನೆಗೆ ಹೇಗೆ ಹೋಗಬೇಕು ಅಂತ ಟಿಕೆಟ್ ಮೇಲೂ ಇರುವುದಿಲ್ಲ, ಗೇಟಿನಲ್ಲೂ ಯಾರೂ ಹೇಳುವುದಿಲ್ಲ. ದಯವಿಟ್ಟು ಪಂದ್ಯದ ಟೈಮು ಗೊತ್ತು ಮಾಡುವ ದಿನವೇ ವಾಪಸ್ ಬಸ್ಸಿನ ಟೈಮನ್ನೂ ಗೊತ್ತು ಮಾಡಿ. ಇಷ್ಟು ಓದಿ ಪತ್ರ ಮಡಚಿ ಇಟ್ಟರೂ ನನಗೆ ಬೇಸರವಿಲ್ಲ, ಕೆಲಸ ಆದರೆ ಸಾಕು. ಆದರೆ ಯಾಕೆ ಹೀಗೆ ಕೇಳುತ್ತಿದ್ದೇನೆ ಅಂತ ಪೂರ್ತಿ ಹೇಳಿಬಿಡುತ್ತೇನೆ, ಯಾಕೆಂದರೆ ಮೇಜಿನ ಮುಂದೆ ಕೂತು ನೋಡಿದರೆ ಇದು ತೀರಾ ಸಣ್ಣ ವಿಷಯ ಅನಿಸಬಹುದು.

ವಾಸ್ಕೋದಿಂದ ಮಡಗಾಂವ್ ಸುಮಾರು 30 ಕಿಲೋಮೀಟರ್. ಹಗಲು ಹೊತ್ತು ಈ ದಾರಿಯಲ್ಲಿ ಬಸ್ಸಿಗೆ ಬರವಿಲ್ಲ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಮಡಗಾಂವ್ ಮಡಗಾಂವ್ ಅಂತ ಕೂಗುತ್ತಲೇ ಇರುತ್ತಾನೆ, ದಾಬೋಲಿ, ಝುವಾರಿನಗರ, ವೆರ್ಣಾ ಎಲ್ಲ ಕಡೆ ನಿಲ್ಲಿಸಿ ನಿಲ್ಲಿಸಿ ಜನ ತುಂಬಿಸಿಕೊಳ್ಳುತ್ತಾನೆ. ಕತ್ತಲಾದ ಮೇಲೆ ಅದೇ ಕಂಡಕ್ಟರ್ ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾನೆ. ತಪ್ಪೇನಿಲ್ಲ, ಅವನೂ ಮನುಷ್ಯ. ಗೋವಾದಲ್ಲಿ ರಾತ್ರಿ ಬಸ್ಸು ಸಿಗೋದು ಕಷ್ಟ ಅಂತ ಇಲ್ಲಿ ಇರುವ ಪ್ರತಿಯೊಬ್ಬರಿಗೂ ಗೊತ್ತು. ಟೂರ್ನಿಯ ವೇಳಾಪಟ್ಟಿ ಮಾಡುವವರು ಬಹುಪಾಲು ಹೊರಗಿನವರು, ಏರ್‌ಪೋರ್ಟ್‌ನಿಂದ ಹೋಟೆಲ್‌ಗೆ, ಹೋಟೆಲ್‌ನಿಂದ ಸ್ಟೇಡಿಯಂಗೆ ಕಾರಿನಲ್ಲೇ ಓಡಾಡುವವರು. ಅವರಿಗೆ ಇದು ಗೊತ್ತಾಗೋದಾದರೂ ಹೇಗೆ? ಇಲ್ಲಿಯವರೇ ಹೇಳಬೇಕು. ಅದಕ್ಕೇ ಹೇಳುತ್ತಿದ್ದೇನೆ.

ಬಸ್ಸು ಇಲ್ಲದಿದ್ದರೆ ಟ್ಯಾಕ್ಸಿ ಇದೆಯಲ್ಲ ಅನ್ನಬಹುದು. ರಾತ್ರಿ ಹತ್ತರ ನಂತರ ಮಡಗಾಂವ್‌ನಿಂದ ವಾಸ್ಕೋಗೆ ಟ್ಯಾಕ್ಸಿಯವರು ಕೇಳುವ ರೊಕ್ಕಕ್ಕೆ ನಮ್ಮ ಓಣಿಯಲ್ಲಿ ಒಂದು ವಾರದ ಸಂತೆ ಆಗುತ್ತದೆ. ಪೈಲಟ್‌ಗಳಿದ್ದಾರೆ, ಹಳದಿ ಮಡ್‌ಗಾರ್ಡ್‌ನ ಬೈಕಿನವರು, ಗೋವಾ ಬಿಟ್ಟರೆ ಬೇರೆ ಕಡೆ ನಾನು ಇವರನ್ನು ನೋಡಿಲ್ಲ. ಒಳ್ಳೆಯ ಜನ. ಆದರೆ ಪೈಲಟ್ ಹಿಂದೆ ಕೂರೋದು ಒಬ್ಬರೇ. ಹೆಂಡತಿ, ಇಬ್ಬರು ಮಕ್ಕಳ ಜೊತೆ ಮ್ಯಾಚು ನೋಡೋಕೆ ಬಂದವನು ಏನು ಮಾಡಬೇಕು?

ಈಗ 2022ರ ಅಕ್ಟೋಬರ್ 26ರ ಮಾತು. ದೀಪಾವಳಿ ಆಗ ತಾನೆ ಮುಗಿದಿತ್ತು, ಬುಧವಾರ. 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್‌ನ ಎರಡೂ ಸೆಮಿಫೈನಲ್ ಫಾತೋರ್ಡಾದಲ್ಲೇ ಇದ್ದವು. 4:30ಕ್ಕೆ ನೈಜೀರಿಯಾ ಮತ್ತು ಕೊಲಂಬಿಯಾ, 8ಕ್ಕೆ ಜರ್ಮನಿ ಮತ್ತು ಸ್ಪೇನ್. ನಮ್ಮ ತಂಡದ ಹುಡುಗಿಯರಿಗೆ ಇದನ್ನು ತೋರಿಸಲೇಬೇಕು ಅಂತ ನನಗೆ ಹಟ. ಹುಡುಗರಾದರೆ ಟಿವಿಯಲ್ಲಿ ದಿನಾ ಯಾರನ್ನಾದರೂ ನೋಡುತ್ತಾರೆ, ಮೆಸ್ಸಿ ಅಂತಾರೆ, ರೊನಾಲ್ಡೊ ಅಂತಾರೆ, ಹೇರ್‌ಕಟ್ ಕೂಡ ಹಾಗೇ ಮಾಡಿಸಿಕೊಂಡು ಬರುತ್ತಾರೆ. ಈ ಹುಡುಗಿಯರು ತಮ್ಮದೇ ವಯಸ್ಸಿನ ಹುಡುಗಿಯರು ಫ್ಲಡ್‌ಲೈಟ್ ಕೆಳಗೆ ವಿಶ್ವಕಪ್ ಆಡೋದನ್ನು ನೋಡುವ ಅವಕಾಶ ಮತ್ತೆ ಯಾವಾಗ ಬರುತ್ತೋ!

ಮನೆ ಮನೆಗೆ ಹೋಗಿ ಕೇಳಿದೆ. ಯಾರೂ ಬೇಡ ಅನ್ನಲಿಲ್ಲ. ಒಬ್ಬ ತಾಯಿ, ನಾಲ್ಕು ಮನೆಯ ಪಾತ್ರೆ ಬಟ್ಟೆ ಮಾಡುವವರು, ಬಾಗಿಲಲ್ಲಿ ನಿಂತು ಹೇಳಿದ್ದು ಹೀಗೆ: "ಕರ್ಕೊಂಡ್ ಹೋಗ್ರಿ ಅಣ್ಣಾರ, ನಾ ಏನ್ ಬ್ಯಾಡ ಅನ್ನಂಗಿಲ್ಲ. ಆದ್ರ ಹುಡುಗಿ ರಾತ್ರಿ ಹನ್ನೊಂದು ಹನ್ನೆರಡಕ್ಕ ಮನಿಗೆ ಬಂದ್ರ ಓಣ್ಯಾಗ ನಾಕ್ ಮಂದಿ ಏನ್ ಅಂತಾರ್ರಿ? ಬಸ್ ಇರೂದ್ರಾಗ ಬಂದ್ಬಿಡ್ರಿ." ಇದಕ್ಕೆ ನಾನು ಏನು ಹೇಳಲಿ? ಆಯ್ತು ಅಕ್ಕಾ ಅಂದೆ.

ಮೊದಲ ಪಂದ್ಯದಲ್ಲಿ ಒಂದೂ ಗೋಲು ಬರಲಿಲ್ಲ, ಆದರೂ ಬೇಸರ ಬರಲಿಲ್ಲ. ಕೊಲಂಬಿಯಾ ತಂಡದಲ್ಲಿ ಲಿಂಡಾ ಕೈಸೆಡೊ ಇದ್ದಳು. ಹದಿನೈದನೇ ವಯಸ್ಸಿಗೆ ಅಂಡಾಶಯದ ಕ್ಯಾನ್ಸರ್ ಬಂದು, ಆಪರೇಷನ್ ಆಗಿ, ಮತ್ತೆ ಮೈದಾನಕ್ಕೆ ಬಂದ ಹುಡುಗಿ. ಇದನ್ನು ಬಸ್ಸಿನಲ್ಲಿ ಬರುವಾಗಲೇ ಮಕ್ಕಳಿಗೆ ಹೇಳಿದ್ದೆ. ಅವಳ ಕಾಲಿಗೆ ಚೆಂಡು ಸಿಕ್ಕಾಗೆಲ್ಲ ಸ್ಟ್ಯಾಂಡಿನಲ್ಲಿ ಒಂದು ಗುಜುಗುಜು. ನಮ್ಮ ತಂಡದಲ್ಲಿ ಎಡಗಡೆ ಆಡುವ ಹುಡುಗಿ ಒಬ್ಬಳಿದ್ದಾಳೆ, ಅವಳು ಸೀಟಿನ ತುದಿಯಲ್ಲಿ ಕೂತು, ಚಪ್ಪಲಿ ಬಿಚ್ಚಿಟ್ಟು, ಬರಿಗಾಲನ್ನು ಸಿಮೆಂಟ್ ನೆಲದ ಮೇಲೆ ಆಡಿಸುತ್ತಿದ್ದಳು. ಹೆಬ್ಬೆರಳಿನಿಂದ ಒಳಗೆ, ಪಾದದ ಅಂಚಿನಿಂದ ಹೊರಗೆ, ಮತ್ತೆ ಒಳಗೆ. ಇಲ್ಲದ ಚೆಂಡನ್ನು ಒದೆಯುತ್ತಿದ್ದಾಳೆ! ಕಣ್ಣು ಮಾತ್ರ ಮೈದಾನದಿಂದ ಕದಲಿಲ್ಲ. ಪೆನಾಲ್ಟಿಯಲ್ಲಿ ಕೊಲಂಬಿಯಾ 6–5ರಿಂದ ಗೆದ್ದಾಗ ಅವಳು ಕೂಗಿದ ಕೂಗಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು.

ಆಮೇಲೆ ಎರಡನೇ ಪಂದ್ಯ ಶುರುವಾಯಿತು. ಅರ್ಧ ಆಟ ಮುಗಿದಾಗ 0–0. ಗಡಿಯಾರ ನೋಡಿದೆ. ಸ್ಪೆಷಲ್ ಬಸ್ಸು ಏನಾದರೂ ಇದೆಯಾ ಅಂತ ಗೇಟಿನ ಹತ್ತಿರ ನಿಂತಿದ್ದ ವಾಲಂಟಿಯರ್ ಹುಡುಗನನ್ನು ಕೇಳಿದೆ. ಅವನಿಗೆ ಗೊತ್ತಿಲ್ಲ. ಸೆಕ್ಯುರಿಟಿಯವರನ್ನು ಕೇಳಿದೆ, ಹೊರಗೆ ಕೇಳಿ ಅಂದರು. ಹೊರಗೆ ಹೋದರೆ ಮತ್ತೆ ಒಳಗೆ ಬಿಡೋದಿಲ್ಲ. ಬಸ್ಸು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ವೇಳೆ ಇದ್ದಿದ್ದರೆ ಇನ್ನೂ ಬೇಸರದ ಮಾತು, ಇದ್ದೂ ಹೇಳುವವರಿರಲಿಲ್ಲ. ಮಕ್ಕಳನ್ನು ಎಬ್ಬಿಸಿದೆ. ಒಬ್ಬರೂ ಎದುರು ಮಾತಾಡಲಿಲ್ಲ, ಮಾತಾಡಿದ್ದರೇ ಚೆನ್ನಾಗಿತ್ತು. ಸ್ಟೇಡಿಯಂನಿಂದ ಮಡಗಾಂವ್ ಬಸ್ ಸ್ಟ್ಯಾಂಡ್ ನಡೆದು ಹೋಗುವಷ್ಟೇ ದೂರ. ಹೋಗಿ, ಇದೇ ಕೊನೆಯದು ಅಂತ ಯಾರೋ ತೋರಿಸಿದ ಬಸ್ಸು ಹತ್ತಿದೆವು.

ಸ್ಪೇನ್ ಗೋಲು ಹೊಡೆದದ್ದು 90ನೇ ನಿಮಿಷದಲ್ಲಿ. ಇಡೀ ಪಂದ್ಯಕ್ಕೆ ಅದೊಂದೇ ಗೋಲು. ನಮಗೆ ಅದು ಗೊತ್ತಾದದ್ದು ಝುವಾರಿನಗರ ದಾಟುವಾಗ, ಪಕ್ಕದ ಸೀಟಿನವರ ಫೋನಿನಲ್ಲಿ.

ಇದರಲ್ಲಿ ಯಾರದು ತಪ್ಪು ಅಂತ ಹೆಸರು ಹಿಡಿದು ಜಗಳ ಮಾಡೋಕೆ ನಾನು ಬಂದಿಲ್ಲ. ಪಂದ್ಯ ನಡೆಸುವವರು ಬಸ್ಸು ನಮ್ಮ ಕೆಲಸವಲ್ಲ ಅಂತಾರೆ. ಬಸ್ಸಿನವರು ನಮಗೆ ಯಾರೂ ಹೇಳಲೇ ಇಲ್ಲ ಅಂತಾರೆ. ಪೊಲೀಸರು ಕಾರು ನಿಲ್ಲಿಸುವ ಜಾಗದ ನಕ್ಷೆ ಕೊಡುತ್ತಾರೆ. ಇದೊಂದು ನನಗೆ ಬಹಳ ದಿನದಿಂದ ಕಾಡುವ ವಿಷಯ: ಪ್ರತಿ ಸಲವೂ ಯಾವ ಗೇಟಿಗೆ ಯಾವ ಪಾರ್ಕಿಂಗ್, ಟೂ ವೀಲರ್ ಎಲ್ಲಿ, ಫೋರ್ ವೀಲರ್ ಎಲ್ಲಿ ಅಂತ ಬಣ್ಣ ಬಣ್ಣದ ನಕ್ಷೆ ಬರುತ್ತದೆ. ಗಾಡಿ ಇಲ್ಲದವನಿಗೆ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಮ್ಯಾಚಿಗೆ ಬರುವವನ ಹತ್ತಿರ ಗಾಡಿ ಇದ್ದೇ ಇರುತ್ತದೆ ಅಂತ ಮೊದಲೇ ತೀರ್ಮಾನ ಆಗಿಬಿಟ್ಟಿದೆ ಅಲ್ವಾ?

ಫಾತೋರ್ಡಾ ಏನು ಸಾಮಾನ್ಯ ಮೈದಾನವಲ್ಲ. 1989ರಲ್ಲಿ ನೆಹರೂ ಕಪ್ ಇಲ್ಲೇ ನಡೆಯಿತು, ಹಂಗೇರಿ ಗೆದ್ದಿತು. ಆ ಸ್ಟೇಡಿಯಂ ಏಳುವಾಗ ಬುಟ್ಟಿ ಹೊತ್ತವರಲ್ಲಿ ನಮ್ಮ ಕಡೆಯವರೂ ಇದ್ದರು ಅಂತ ಓಣಿಯ ಹಿರಿಯರು ಈಗಲೂ ಹೇಳುತ್ತಾರೆ. 1999ರಲ್ಲಿ ದಕ್ಷಿಣ ಏಷ್ಯಾದ ಕಪ್ ಇಲ್ಲೇ ಆಯಿತು, ಫೈನಲ್‌ನಲ್ಲಿ ಭಾರತ ಬಾಂಗ್ಲಾದೇಶವನ್ನು 2–0ರಿಂದ ಸೋಲಿಸಿತು. 2014ರಲ್ಲಿ ಪೋರ್ಚುಗೀಸ್ ನಂಟಿನ ನಾಡುಗಳ ಲುಸೋಫೋನಿಯಾ ಕ್ರೀಡಾಕೂಟಕ್ಕೆ ಸ್ಟೇಡಿಯಂ ರಿಪೇರಿ ಆಗಿ ಹೊಸ ರೂಪ ಬಂತು. 2017ರಲ್ಲಿ ಹುಡುಗರ ಅಂಡರ್-17 ವಿಶ್ವಕಪ್ ಭಾರತಕ್ಕೆ ಬಂದಾಗ ಆರು ಊರುಗಳಲ್ಲಿ ಗೋವಾವೂ ಒಂದು, ಕೋಲ್ಕತ್ತಾ, ದೆಹಲಿ, ಕೊಚ್ಚಿ, ಗುವಾಹಟಿ, ನವಿ ಮುಂಬೈ ಜೊತೆಗೆ.

ಆ ಅಕ್ಟೋಬರ್ ತಿಂಗಳು ಮರೆಯುವ ಹಾಗೇ ಇಲ್ಲ. 10ನೇ ತಾರೀಕು ರಾತ್ರಿ ಇರಾನ್ ಹುಡುಗರು ಜರ್ಮನಿಯನ್ನು 4–0ರಿಂದ ಹೊಡೆದು ಹಾಕಿದರು. ಜರ್ಮನಿ ಅಂದರೆ ಜರ್ಮನಿ ರೀ! 21ಕ್ಕೆ ಕ್ವಾರ್ಟರ್‌ಫೈನಲ್, ಇಂಗ್ಲೆಂಡ್ 4, ಅಮೆರಿಕ 1. ರಿಯಾನ್ ಬ್ರೂಸ್ಟರ್ ಹ್ಯಾಟ್ರಿಕ್ ಹೊಡೆದ. ಮುಂದೆ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಮೇಲೂ ಹ್ಯಾಟ್ರಿಕ್ ಹೊಡೆದು ಒಟ್ಟು 8 ಗೋಲಿನ ಜೊತೆ ಟೂರ್ನಿಗೇ ಹೆಚ್ಚು ಗೋಲು ಹೊಡೆದವನಾದ. ಅದೇ ಇಂಗ್ಲೆಂಡ್ ತಂಡದಲ್ಲಿ ಫಿಲ್ ಫೋಡೆನ್ ಇದ್ದ, ಇವತ್ತು ಅವನ ಹೆಸರು ಗೊತ್ತಿಲ್ಲದ ಹುಡುಗನೇ ಇಲ್ಲ. ಟೂರ್ನಿ ಮುಗಿದಾಗ ಲೆಕ್ಕ ಕೊಟ್ಟರು, ಸ್ಟೇಡಿಯಂಗಳಿಗೆ ಬಂದ ಜನ ಒಟ್ಟು 13,47,133. ಅಂಡರ್-17 ವಿಶ್ವಕಪ್‌ನಲ್ಲಿ ಅಲ್ಲಿಯವರೆಗೆ ಇದ್ದ ಚೀನಾದ 1985ರ ದಾಖಲೆ ಮುರಿಯಿತು. ಜನ ಬರೋದಿಲ್ಲ ಅನ್ನುವ ಮಾತು ಅಲ್ಲಿಗೇ ಮುಗಿಯಬೇಕು.

ಆಗ ಸರ್ಕಾರ "ಮಿಷನ್ ಇಲೆವೆನ್ ಮಿಲಿಯನ್" ಅಂತ ಒಂದು ಕಾರ್ಯಕ್ರಮ ಮಾಡಿತ್ತು. 1.1 ಕೋಟಿ ಮಕ್ಕಳ ಕಾಲಿಗೆ ಚೆಂಡು ಕೊಡಬೇಕು ಅಂತ ಅದರ ಗುರಿ. ಒಳ್ಳೆಯದೇ. ಚೆಂಡು ಕೊಟ್ಟ ಮಕ್ಕಳಿಗೆ ಮ್ಯಾಚು ನೋಡಿ ಮನೆ ಸೇರೋಕೆ ಒಂದು ಬಸ್ಸನ್ನೂ ಕೊಡಬೇಕಾಗುತ್ತದೆ ಅನ್ನೋದಷ್ಟೇ ನನ್ನ ವಾದ.

ಬೇರೆ ಊರಿನವರು ಇದನ್ನು ಹೇಗೆ ಮಾಡಿದ್ದಾರೆ ಅಂತ ಸ್ವಲ್ಪ ನೋಡಿ. ದೂರ ಹೋಗೋದು ಬೇಡ, ಕೊಚ್ಚಿ ತೆಗೆದುಕೊಳ್ಳಿ. 2017ರ ಜೂನ್‌ನಲ್ಲಿ ಅಲ್ಲಿ ಮೆಟ್ರೋ ಶುರುವಾಗಿತ್ತು, ಆದರೆ ಸ್ಟೇಡಿಯಂ ತನಕ ಬಂದಿರಲಿಲ್ಲ. ಅಕ್ಟೋಬರ್ 3ಕ್ಕೆ ಮುಂದಿನ ಭಾಗ ತೆರೆದರು, ಸ್ಟೇಡಿಯಂ ಎದುರೇ ಸ್ಟೇಷನ್. ನಾಲ್ಕು ದಿನ ಬಿಟ್ಟು 7ಕ್ಕೆ ಅಲ್ಲಿ ವಿಶ್ವಕಪ್‌ನ ಮೊದಲ ಪಂದ್ಯ. ಗೋವಾಕ್ಕೆ ಮೆಟ್ರೋ ತನ್ನಿ ಅಂತ ನಾನು ಕೇಳುತ್ತಿಲ್ಲ, ನಮಗೆ ಬಸ್ಸೇ ಸಾಕು.

ಜರ್ಮನಿಯಲ್ಲಿ 2024ರ ಯುರೋ ಕಪ್ ನಡೆದಾಗ ಪಂದ್ಯದ ಟಿಕೆಟ್ ಇದ್ದವರಿಗೆ 36 ಗಂಟೆ ಆ ಊರಿನ ಬಸ್ಸು, ಟ್ರಾಮು, ಲೋಕಲ್ ರೈಲು ಎಲ್ಲ ಫ್ರೀ. ಪಂದ್ಯದ ದಿನ ಬೆಳಿಗ್ಗೆಯಿಂದ ಮರುದಿನ ಸಂಜೆವರೆಗೆ. 2006ರ ವಿಶ್ವಕಪ್‌ನಲ್ಲೂ ಪಂದ್ಯದ ಟಿಕೆಟ್ಟೇ ಬಸ್ಸಿನ ಟಿಕೆಟ್ಟೂ ಆಗಿತ್ತು. 2022ರಲ್ಲಿ ಕತಾರ್‌ನವರು ಪ್ರೇಕ್ಷಕರಿಗೆ ಕೊಟ್ಟ ಹಯ್ಯಾ ಕಾರ್ಡ್‌ನಲ್ಲೇ ಮೆಟ್ರೋ, ಬಸ್ಸು ಸೇರಿತ್ತು. ಅವರು ಶ್ರೀಮಂತರು, ಮಾಡುತ್ತಾರೆ ಅನ್ನಬಹುದು. ಸರಿ, ನಾವು ಫ್ರೀ ಕೇಳುತ್ತಿಲ್ಲ. ಮಾಮೂಲಿ ರೇಟು ಕೊಡುತ್ತೇವೆ, ಬೇಕಾದರೆ ರಾತ್ರಿ ಅಂತ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ತೆಗೆದುಕೊಳ್ಳಿ. ಬಸ್ಸು ಇರಲಿ, ಇದೆ ಅಂತ ಮೊದಲೇ ಗೊತ್ತಿರಲಿ.

ಬಸ್ಸು ಇಟ್ಟರೆ ಜನ ಹತ್ತದಿದ್ದರೆ ಏನು ಗತಿ ಅಂತ ನೀವು ಕೇಳಬಹುದು, ನಾನು ಅಂಗಡಿಯ ಲೆಕ್ಕದವನು, ನನಗೂ ಆ ಪ್ರಶ್ನೆ ಬರುತ್ತದೆ. ಲೆಕ್ಕ ಹಾಕೋಣ. ಫಾತೋರ್ಡಾದಲ್ಲಿ ಸಾವಿರಾರು ಜನ ಕೂರುತ್ತಾರೆ. ಅದರಲ್ಲಿ ವಾಸ್ಕೋ ಕಡೆಗೆ ಬಸ್ಸು ಬೇಕಾದವರು ಬರೀ ಐನೂರು ಅಂತ ಇಟ್ಟುಕೊಳ್ಳಿ. ಒಂದು ಬಸ್ಸಿಗೆ ಐವತ್ತು ಜನ ಅಂದರೆ ಹತ್ತು ಬಸ್ಸು. ಪಣಜಿ ಕಡೆಗೆ ಅಷ್ಟೇ ಇರಲಿ. ಪೋಂಡಾ, ಕುಡಚಡೆ, ಕಾಣಕೋಣಕ್ಕೆ ಎರಡು ಮೂರು ಬಸ್ಸು. ಒಟ್ಟು ಮೂವತ್ತರ ಒಳಗೇ ಮುಗಿಯಿತು. ಎಲ್ಲವೂ ಹಗಲು ಓಡಿ ರಾತ್ರಿ ಸುಮ್ನೆ ನಿಂತಿರುವ ಬಸ್ಸುಗಳೇ. ಟಿಕೆಟ್ ಆನ್‌ಲೈನ್‌ನಲ್ಲಿ ಮಾರುತ್ತೀರಲ್ಲ, ಅಲ್ಲೇ ಒಂದು ಪ್ರಶ್ನೆ ಇಡಿ: ವಾಪಸ್ ಹೋಗೋಕೆ ಬಸ್ಸು ಬೇಕಾ, ಯಾವ ಕಡೆಗೆ? ರೊಕ್ಕವನ್ನೂ ಅಲ್ಲೇ ತೆಗೆದುಕೊಳ್ಳಿ. ಆಗ ಎಷ್ಟು ಬಸ್ಸು ಬೇಕು ಅಂತ ಅಂದಾಜಿನ ಮೇಲೆ ಹೇಳಬೇಕಾಗಿಲ್ಲ, ಸೀಟಿನ ಲೆಕ್ಕವೇ ಕೈಯಲ್ಲಿರುತ್ತದೆ.

ಇಷ್ಟೆಲ್ಲ ಕೊನೇ ಗಳಿಗೆಯಲ್ಲಿ ಆಗೋದಿಲ್ಲ ಅನ್ನುವ ಮಾತನ್ನು ಮಾತ್ರ ದಯವಿಟ್ಟು ಹೇಳಬೇಡಿ. 2017ರಲ್ಲಿ ಬ್ರೆಜಿಲ್ ಮತ್ತು ಇಂಗ್ಲೆಂಡ್ ಸೆಮಿಫೈನಲ್ ಗುವಾಹಟಿಯಲ್ಲಿ ಇತ್ತು. ಮಳೆಗೆ ಅಲ್ಲಿನ ಮೈದಾನ ಕೆಟ್ಟುಹೋಯಿತು. ಪಂದ್ಯಕ್ಕೆ ಎರಡು ದಿನ ಇರುವಾಗ ಅದನ್ನು ಪೂರ್ತಿ ಎತ್ತಿ ಕೋಲ್ಕತ್ತಾಗೆ ತಂದರು. ತಂಡ, ಟಿಕೆಟ್, ಪೊಲೀಸ್ ಬಂದೋಬಸ್ತು, ಕ್ಯಾಮೆರಾ ಎಲ್ಲ. 2022ರಲ್ಲಿ ಆಗಸ್ಟ್ ತಿಂಗಳಿನಲ್ಲಿ ಫಿಫಾ ನಮ್ಮ ದೇಶದ ಫುಟ್ಬಾಲ್ ಫೆಡರೇಷನ್ನನ್ನೇ ಸಸ್ಪೆಂಡ್ ಮಾಡಿತ್ತು, ಹುಡುಗಿಯರ ವಿಶ್ವಕಪ್ ಕೈಬಿಟ್ಟೇ ಹೋಯಿತು ಅಂದುಕೊಂಡಿದ್ದೆವು. 26ಕ್ಕೆ ಸಸ್ಪೆನ್ಷನ್ ತೆಗೆದರು, ಅಕ್ಟೋಬರ್ 11ಕ್ಕೆ ಟೂರ್ನಿ ಶುರುವಾಗಿಯೇ ಬಿಟ್ಟಿತು. ಮಾಡಬೇಕು ಅಂದರೆ ಎಲ್ಲವೂ ಆಗುತ್ತದೆ ಸ್ವಾಮಿ. ಬಸ್ಸನ್ನು ಯಾರೂ ಮಾಡಬೇಕಾದ ಕೆಲಸದ ಪಟ್ಟಿಯಲ್ಲಿ ಬರೆದಿಲ್ಲ, ಅಷ್ಟೇ.

ಪಂದ್ಯವನ್ನೇ ಹಗಲಿಗೆ ತನ್ನಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಕ್ಟೋಬರ್‌ನಲ್ಲಿ ಗೋವಾದ ಸೆಕೆ ಹೇಗಿರುತ್ತದೆ ಅಂದರೆ ಸುಮ್ನೆ ಕೂತವರ ಅಂಗಿಯೇ ಬೆನ್ನಿಗೆ ಅಂಟಿಕೊಳ್ಳುತ್ತದೆ, ಇನ್ನು ಓಡುವ ಮಕ್ಕಳ ಪಾಡೇನು? ಟಿವಿಯ ಲೆಕ್ಕವೂ ನನಗೆ ಅರ್ಥ ಆಗುತ್ತದೆ. ಇಲ್ಲಿ ರಾತ್ರಿ 8 ಅಂದರೆ ಆ ಸೆಮಿಫೈನಲ್ ದಿನ ಸ್ಪೇನ್‌ನಲ್ಲಿ, ಜರ್ಮನಿಯಲ್ಲಿ ಸಂಜೆ 4:30. ಅಲ್ಲಿಯ ಅಪ್ಪ ಅಮ್ಮಂದಿರು ತಮ್ಮ ಮಗಳ ಆಟ ಟಿವಿಯಲ್ಲಿ ನೋಡಬೇಕು, ನೋಡಲಿ. ಇಲ್ಲಿಂದ 30 ಕಿಲೋಮೀಟರ್ ದೂರದ ಮನೆಯಲ್ಲಿ ಮಗಳ ದಾರಿ ಕಾಯುವ ತಾಯಿಯ ಟೈಮನ್ನೂ ಅದೇ ಕಾಗದದಲ್ಲಿ ಒಂದು ಕಡೆ ಬರೆದುಕೊಳ್ಳಿ ಅಂತ ಕೇಳುತ್ತಿದ್ದೇನೆ.

ಇದು ಮುಗಿದುಹೋದ ಟೂರ್ನಿಗಳ ಕಥೆ ಅಂತಲೂ ಅಂದುಕೊಳ್ಳಬೇಡಿ. 2025ರ ಅಕ್ಟೋಬರ್ 22ರಂದು ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಅನ್ನುವ ಏಷ್ಯಾದ ಕ್ಲಬ್ಬುಗಳ ಟೂರ್ನಿಯ ಪಂದ್ಯಕ್ಕೆ ಸೌದಿಯ ಅಲ್ ನಸ್ರ್ ತಂಡ ಫಾತೋರ್ಡಾಕ್ಕೆ ಬಂದಿತ್ತು. ರೊನಾಲ್ಡೊ ಬರುತ್ತಾನೆ ಅಂತ ತಿಂಗಳಿಂದ ಕಾದವರಿದ್ದರು, ಅವನು ಬರಲೇ ಇಲ್ಲ. ಎಫ್‌ಸಿ ಗೋವಾ 2–1ರಿಂದ ಸೋತಿತು. ಆದರೆ ಗೋವಾದ ಗೋಲು ಹೊಡೆದದ್ದು ಇಲ್ಲಿಯದೇ ಹುಡುಗ ಬ್ರೈಸನ್ ಫೆರ್ನಾಂಡಿಸ್. ಆ ಗೋಲು ನಮ್ಮ ಓಣಿಯಲ್ಲಿ ಇನ್ನೂ ನಡೆಯುತ್ತಿದೆ, ಮಕ್ಕಳು ದಿನಾ ಅದನ್ನೇ ಹೊಡೆಯುತ್ತಾರೆ. ಅಪ್ಪಂದಿರಿಗೆ ಬೆಂಗಳೂರು ಎಫ್‌ಸಿ, ಮಕ್ಕಳಿಗೆ ಎಫ್‌ಸಿ ಗೋವಾ, ಈ ಜಗಳ ನಮ್ಮ ಮನೆಗಳಲ್ಲಿ ಮಾಮೂಲಿ. ಇಂಥ ಪಂದ್ಯಗಳು ಇನ್ನೂ ಬರುತ್ತವೆ, ಬರಬೇಕು.

ಇನ್ನೊಂದು ಮಾತು, ತಿಲಕ್ ಮೈದಾನದ್ದು. ನಮ್ಮ ವಾಸ್ಕೋದ ನಡುವೆಯೇ ಇರುವ ಸ್ಟೇಡಿಯಂ ಅದು. ಕೊರೊನಾ ಕಾಲದಲ್ಲಿ, 2020–21ರಲ್ಲಿ, ಇಡೀ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಗೋವಾದ ಮೂರೇ ಮೈದಾನಗಳಲ್ಲಿ ನಡೆಯಿತು. ಫಾತೋರ್ಡಾ, ಬಾಂಬೋಳಿ, ನಮ್ಮ ತಿಲಕ್ ಮೈದಾನ. ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ, ಅದು ಬೇರೆ ಕಾರಣ, ಅದರ ಬಗ್ಗೆ ದೂರಿಲ್ಲ. 2022ರ ಜನವರಿ, ಫೆಬ್ರವರಿಯಲ್ಲಿ ಮಹಿಳೆಯರ ಏಷ್ಯನ್ ಕಪ್ ಮುಂಬೈ, ನವಿ ಮುಂಬೈ, ಪುಣೆಯಲ್ಲಿ ನಡೆದಾಗಲೂ ಇದೇ ಕಥೆ. ಪುಣೆಯ ಬಾಳೇವಾಡಿಯಲ್ಲಿ ಚೀನಾ ಮತ್ತು ಜಪಾನ್ ಸೆಮಿಫೈನಲ್ ಪೆನಾಲ್ಟಿಗೆ ಹೋಯಿತು, ಪುಣೆಯ ನನ್ನ ತಂಗಿ ಮನೆಯವರು ಆ ಸ್ಟೇಡಿಯಂ ಹತ್ತಿರವೇ ಇದ್ದರೂ ಮೊಬೈಲ್‌ನಲ್ಲಿ ನೋಡಿದರು. ನಮ್ಮ ಭಾರತ ತಂಡವಂತೂ ಕೊರೊನಾದಿಂದಾಗಿ ಟೂರ್ನಿಯಿಂದಲೇ ಹೊರಗೆ ಬಿತ್ತು. ಆ ಕಾಲ ಮುಗಿಯಿತಲ್ಲ. ಈಗ ಫಾತೋರ್ಡಾದಲ್ಲಿ ದೊಡ್ಡ ಪಂದ್ಯ ಇರುವ ರಾತ್ರಿ ತಿಲಕ್ ಮೈದಾನದಲ್ಲಿ ಒಂದು ದೊಡ್ಡ ಪರದೆ ಹಾಕಿದರೆ ಏನು ಕಷ್ಟ? ಬೈನಾ, ಸಡಾ, ಮಂಗೋರ್ ಹಿಲ್ ಜನ ನಡೆದುಕೊಂಡೇ ಬರುತ್ತಾರೆ. ಎಷ್ಟೇ ಬಸ್ಸು ಬಿಟ್ಟರೂ ಹೆಣ್ಣುಮಕ್ಕಳನ್ನು ಅಷ್ಟು ಹೊತ್ತಿಗೆ ಅಷ್ಟು ದೂರ ಕಳಿಸದ ಮನೆಗಳು ಇದ್ದೇ ಇರುತ್ತವೆ, ಅವರಿಗೂ ಒಂದು ದಾರಿ ಆಗುತ್ತದೆ.

ಸಣ್ಣ ಪುಟ್ಟದು ಇನ್ನೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ನೀರಿನ ಬಾಟಲಿ ಗೇಟಿನಲ್ಲೇ ಕಿತ್ತುಕೊಳ್ಳುವುದಾದರೆ ಒಳಗೆ ಕುಡಿಯುವ ನೀರು ಎಲ್ಲಿ ಅಂತ ದೊಡ್ಡದಾಗಿ ಬರೆದಿರಲಿ. ಹೆಂಗಸರ ಟಾಯ್ಲೆಟ್ ಎರಡನೇ ಪಂದ್ಯದ ಹೊತ್ತಿಗೂ ತೊಳೆದಿರಲಿ, ಒಂದೇ ಸಂಜೆ ಎರಡು ಪಂದ್ಯ ಅಂದರೆ ಐದು ಗಂಟೆಗೂ ಜಾಸ್ತಿ ಕೂತಿರುತ್ತಾರೆ. ಕೌಂಟರ್‌ನಲ್ಲಿ ಕೈಗೆ ಸಿಗುವ ಟಿಕೆಟ್ ಸ್ವಲ್ಪವಾದರೂ ಇಡಿ, ಎಲ್ಲರ ಫೋನಿನಲ್ಲೂ ಎಲ್ಲ ಆಪ್ ಇರುವುದಿಲ್ಲ. ಸೂಚನೆಗಳು ಕೊಂಕಣಿ, ಮರಾಠಿ, ಇಂಗ್ಲಿಷ್‌ನಲ್ಲಿ ಇರಲೇಬೇಕು, ಅದರ ಜೊತೆ ಹಿಂದಿಯಲ್ಲಿ, ಕನ್ನಡದಲ್ಲಿ ಒಂದೆರಡು ಸಾಲು ಹಾಕಿದರೆ ಬೈನಾ, ಝುವಾರಿನಗರದ ಜನಕ್ಕೆ ಅನುಕೂಲ. ಇದರಲ್ಲಿ ಭಾಷೆಯ ರಾಜಕೀಯ ಏನೂ ಇಲ್ಲ, ಬಸ್ಸು ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಸಾಕು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಫಾತೋರ್ಡಾದಲ್ಲಿ ಮುಂದಿನ ಅಂತಾರಾಷ್ಟ್ರೀಯ ಪಂದ್ಯ ಗೊತ್ತಾದ ತಕ್ಷಣ ಪಂದ್ಯದವರು, ಸ್ಟೇಡಿಯಂನವರು, ಬಸ್ಸಿನವರು ಒಂದೇ ಮೇಜಿಗೆ ಕೂತು ವಾಪಸ್ ಬಸ್ಸಿನ ಪಟ್ಟಿ ಮಾಡಬೇಕು. ಪಂದ್ಯ ಪೆನಾಲ್ಟಿಗೆ ಹೋದರೂ ಬಸ್ಸು ಕಾಯಬೇಕು, ಗಡಿಯಾರ ನೋಡಿ ಹೊರಟುಬಿಡಬಾರದು. ಬಸ್ಸು ಸ್ಟೇಡಿಯಂ ಹೊರಗೇ ನಿಲ್ಲಬೇಕು, ಮುಂದೆ ಊರಿನ ಹೆಸರಿನ ಬೋರ್ಡು ಇರಬೇಕು. ಕನಿಷ್ಠ ಒಬ್ಬ ಹೋಮ್‌ಗಾರ್ಡ್ ಅಥವಾ ಲೇಡಿ ಕಾನ್‌ಸ್ಟೇಬಲ್ ಆ ಬಸ್ಸುಗಳ ಹತ್ತಿರ ಇರಬೇಕು. ಗೇಟಿನಲ್ಲಿ ನಿಲ್ಲುವ ಪ್ರತಿ ವಾಲಂಟಿಯರ್‌ಗೂ ಈ ಮಾಹಿತಿ ಬಾಯಿಪಾಠ ಆಗಿರಬೇಕು. ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಯಾವ ಗೇಟಿನ ಎದುರು ಅನ್ನೋದು ಸೀಟ್ ನಂಬರ್ ಪಕ್ಕದಲ್ಲೇ ಟಿಕೆಟ್ ಮೇಲೆ ಅಚ್ಚಾಗಿರಬೇಕು.

ಒಂದು ಪಂದ್ಯಕ್ಕೆ ಮಾಡಿ ನೋಡಿ. ಹತ್ತು ಬಸ್ಸಿನಲ್ಲಿ ಐದು ಖಾಲಿ ಹೋದರೆ ಮುಂದಿನ ಸಲ ಐದೇ ಬಿಡಿ, ನಾನೇನೂ ಮಾತಾಡುವುದಿಲ್ಲ. ಆದರೆ ಮಾಡದೇ ಜನ ಇಲ್ಲ ಅಂತ ಹೇಳಬೇಡಿ.

ನಮ್ಮ ತಂಡದಲ್ಲಿ ಎಡಗಡೆ ಆಡುವ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. 2023ರ ಮಹಿಳಾ ವಿಶ್ವಕಪ್‌ನಲ್ಲಿ ಲಿಂಡಾ ಕೈಸೆಡೊ ಜರ್ಮನಿ ಮೇಲೆ ಗೋಲು ಹೊಡೆದು ಕೊಲಂಬಿಯಾ 2–1ರಿಂದ ಗೆದ್ದಾಗ ಓಣಿಯಲ್ಲಿ ಕಂಡ ಕಂಡವರಿಗೆಲ್ಲ ಇವಳನ್ನು ನಾನು ಫಾತೋರ್ಡಾದಲ್ಲಿ ನೋಡಿದ್ದೇನೆ ಅಂತ ಹೇಳಿಕೊಂಡು ಬಂದಳು. ಮುಂದಿನ ಸಲ ತನ್ನ ತಂಗಿಯನ್ನೂ ಕರೆದುಕೊಂಡು ಬರುತ್ತೇನೆ ಅನ್ನುತ್ತಾಳೆ. ಅವರಮ್ಮ ಕೇಳುವ ಪ್ರಶ್ನೆ ಈಗಲೂ ಅದೇ. ಈ ಸಲ ಉತ್ತರವನ್ನು ನೀವು ಕೊಡಬೇಕು. ಬರೆದು ಕೊಟ್ಟರೆ ಆ ಕಾಗದವನ್ನು ನಾನೇ ಮನೆ ಮನೆಗೆ ತೋರಿಸಿ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬೈನಾದ ಮಕ್ಕಳ ಫುಟ್ಬಾಲ್ ತಂಡದ ಕಾಕಾ
ವಾಸ್ಕೋ, ಗೋವಾ